ಕಪ್ಪಿನೊಳಗಿನ ಗಾಳಿ

ಅಮೆರಿಕದ ಕೃಷಿ ಇಲಾಖೆಯ ಆಹಾರ ಪಟ್ಟಿಯಲ್ಲಿ ಒಂದು ಕಪ್ ಸ್ಟ್ರಾಬೆರಿಗೆ ನಾಲ್ಕು ತೂಕಗಳಿವೆ. ಇಡೀ ಹಣ್ಣಾದರೆ 144 ಗ್ರಾಂ, ಅರ್ಧ ಸೀಳಿದರೆ 152, ಬಿಲ್ಲೆಯಾಗಿ ಹೆಚ್ಚಿದರೆ 166, ರುಬ್ಬಿದರೆ 232. ಹಣ್ಣು ಅದೇ, ಸುಮಾರು 237 ಮಿಲಿಲೀಟರ್ ಹಿಡಿಯುವ ಕಪ್ಪೂ ಅದೇ. ಬದಲಾದದ್ದು ಸಂದಿಯಲ್ಲಿ ಕೂತ ಗಾಳಿ.

ಅಳತೆಯ ಶಿಸ್ತನ್ನು ಅಲ್ಲಿನ ಅಡುಗೆಮನೆಗೆ ತಂದ ಕೀರ್ತಿ ಬಾಸ್ಟನ್ನಿನ ಫ್ಯಾನಿ ಫಾರ್ಮರ್ ಅವರದು. 1896ರ ತಮ್ಮ ಪುಸ್ತಕದಲ್ಲಿ ಆಕೆ, ಕಪ್, ಚಮಚಗಳನ್ನು ತುಂಬಿ ಬಾಯಿ ಸವರಿ ಸಮ ಮಾಡಬೇಕೆಂದು ಪಟ್ಟು ಹಿಡಿದರು. ಹಿಟ್ಟು ಸಕ್ಕರೆಗೆ ಅದು ಸರಿಹೋಯಿತು. ಗುಂಡು ಗುಂಡಾದ ಹಣ್ಣನ್ನು ಸವರುವುದು ಹೇಗೆ? ಪಾವು ಸೇರುಗಳಲ್ಲಿ ಅಳೆಸಿಕೊಂಡು ಬಂದ ನಮ್ಮ ಹಿರಿಯರಿಗೆ ಈ ಪೇಚು ಹೊಸದೇನಲ್ಲ; ಪಾವನ್ನು ಒಮ್ಮೆ ಕುಟ್ಟಿಸಿ ಮತ್ತೆ ತುಂಬಿಸಿಕೊಳ್ಳದೆ ಅವರು ಬಿಡುತ್ತಿರಲಿಲ್ಲ.

ಗಾಳಿಯ ಲೆಕ್ಕ ಹೊರಟಿದ್ದು ಮಾತ್ರ ಫಿರಂಗಿ ಗುಂಡುಗಳಿಂದ. ಗುಂಡುಗಳನ್ನು ರಾಶಿ ಹಾಕುವ ಬಗೆಯನ್ನು ಇಂಗ್ಲೆಂಡಿನ ನಾವಿಕ ವಾಲ್ಟರ್ ರಾಲಿ ಗಣಿತಜ್ಞ ಥಾಮಸ್ ಹ್ಯಾರಿಯಟ್‌ನನ್ನು ಕೇಳಿದ. ಹ್ಯಾರಿಯಟ್‌ನ ಪತ್ರಗಳ ಮೂಲಕ ವಿಷಯ ಖಗೋಳಜ್ಞ ಕೆಪ್ಲರನಿಗೆ ಹತ್ತಿತು. ಒಂದೇ ಗಾತ್ರದ ಗುಂಡುಗಳನ್ನು ಹಣ್ಣಿನಂಗಡಿಯ ಕಿತ್ತಳೆಯಂತೆ ಪೇರಿಸಿದರೆ ಅದಕ್ಕಿಂತ ಒತ್ತಾಗಿ ಕೂರಿಸಲು ಆಗದೆಂದು 1611ರಲ್ಲಿ, ಹಿಮದ ಹರಳಿನ ಕುರಿತ ಪುಟ್ಟ ಹೊತ್ತಗೆಯೊಂದರಲ್ಲಿ ಕೆಪ್ಲರ್ ಬರೆದ. ಆಗ ತುಂಬುವುದು ಶೇ. 74ರಷ್ಟು ಜಾಗ. ಇದನ್ನು ಸಾಧಿಸಿ ತೋರಿಸಿದ್ದು 1998ರಲ್ಲಿ, ಕಂಪ್ಯೂಟರ್ ನೆರವಿನಿಂದ, ಗಣಿತಜ್ಞ ಥಾಮಸ್ ಹೇಲ್ಸ್. ಹಣ್ಣು ಮಾರುವವರಂತೂ ಅಷ್ಟು ದಿನ ಕಾದು ಕೂರಲಿಲ್ಲ.

ಆದರೆ ಕಪ್ಪಿಗೆ ಯಾರೂ ಹಣ್ಣನ್ನು ಪೇರಿಸುವುದಿಲ್ಲ, ಸುರಿಯುತ್ತಾರೆ. ಸುರಿದು ನೋಡಿದವರು ಟೊರಾಂಟೊದ ಭೌತವಿಜ್ಞಾನಿ ಜಿ. ಡಿ. ಸ್ಕಾಟ್. ಉಕ್ಕಿನ ಬೇರಿಂಗ್ ಗುಂಡುಗಳನ್ನು ಪಾತ್ರೆಗೆ ಸುರಿದು ಅಲುಗಾಡಿಸಿದರೆ ಸುಮಾರು ಶೇ. 64, ಸಡಿಲವಾಗಿ ಬಿಟ್ಟರೆ ಸುಮಾರು ಶೇ. 60 ಜಾಗ ತುಂಬುತ್ತದೆಂದು 1960ರಲ್ಲಿ ಅವರು ವರದಿ ಮಾಡಿದರು. ಪಾವು ಕುಟ್ಟಿಸುವುದರ ಲಾಭ ಇಷ್ಟೇ! ಪಾತ್ರೆಯ ಗೋಡೆಯ ಪಕ್ಕ ಸಂದಿ ಹೆಚ್ಚು ಉಳಿಯುವುದರಿಂದ ಸಣ್ಣ ಪಾತ್ರೆಯಲ್ಲಿ ತುಂಬುವುದು ಇನ್ನೂ ಕಡಿಮೆ.

ಮುಂದಿನ ಸುಳಿವಿಗೆ ತಮಾಷೆಯೂ ಸೇರಿಕೊಂಡಿತು. ಆಗ ಪ್ರಿನ್ಸ್‌ಟನ್ನಿನಲ್ಲಿದ್ದ ಭೌತವಿಜ್ಞಾನಿ ಪಾಲ್ ಚೈಕಿನ್ ಅವರಿಗೆ ಎಂ ಅಂಡ್ ಎಂ ಮಿಠಾಯಿ ಬಲು ಇಷ್ಟ. ಕೀಟಲೆಗೆಂದು ವಿದ್ಯಾರ್ಥಿಗಳು ಒಂದು ಡ್ರಮ್ ತುಂಬ ಅದನ್ನು ತಂದು ಅವರ ಕೋಣೆಯಲ್ಲಿಟ್ಟರು. ಅದೇ ಮಿಠಾಯಿ ಪ್ರಯೋಗಕ್ಕೂ ಒದಗಿತು. ಚಪ್ಪಟೆ ಗುಂಡುಗಳು ಸುಮ್ಮನೆ ಸುರಿದರೂ ಶೇ. 68ರಿಂದ 71ರಷ್ಟು ಜಾಗ ತುಂಬುತ್ತವೆಂದು 2004ರ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂದರೆ ಕಪ್ಪಿನ ತೂಕಕ್ಕೆ ಹಣ್ಣಿನ ಆಕಾರವೂ ಪಾಲುದಾರ.

ಈಗ ಸ್ಟ್ರಾಬೆರಿಗೆ ಮರಳೋಣ. ರುಬ್ಬಿದ ಹಣ್ಣಿನಲ್ಲಿ ಸಂದಿಯೇ ಇಲ್ಲವೆಂದುಕೊಂಡು 144ನ್ನು 232ರಿಂದ ಭಾಗಿಸಿದರೆ 0.62, ಅಂದರೆ ಇಡೀ ಹಣ್ಣು ತುಂಬಿದ್ದು ಶೇ. 62ರಷ್ಟು ಜಾಗ. ಸ್ಕಾಟ್ ಅವರ ಎರಡು ಅಂಕಿಗಳ ನಟ್ಟನಡುವೆ!

ಮನೆಯಲ್ಲಿ ತಕ್ಕಡಿ ಇಲ್ಲವೇ? ಕಪ್ಪಿಗೆ ಹಣ್ಣು ತುಂಬಿ, ತೇಲದಂತೆ ಒತ್ತಿಹಿಡಿದು, ಅಂಚಿನವರೆಗೆ ನೀರು ಹೊಯ್ಯಿರಿ. ಆ ನೀರನ್ನು ಬಸಿದು ಅಳೆದು, ಕಪ್ಪಿನ ಒಟ್ಟು ಮಿಲಿಲೀಟರಿನಿಂದ ಕಳೆಯಿರಿ. ರಸಭರಿತ ಹಣ್ಣು ಹೆಚ್ಚುಕಡಿಮೆ ನೀರಿನಷ್ಟೇ ಭಾರವಾದ್ದರಿಂದ, ಉಳಿದ ಸಂಖ್ಯೆಯೇ ಹಣ್ಣಿನ ಅಂದಾಜು ಗ್ರಾಂ.