ಅಣ್ಣನ ಅಂಗಿ ತಮ್ಮನಿಗೆ: ಹೊಸ ಚಿಪ್ಪಿಗೆ ಲಿನಕ್ಸ್ ಹೊಂದುವ ಬಗೆ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ನಿಮ್ಮಲ್ಲಿ ಹಲವರು ಮಕ್ಕಳ ಮೇಜಿನ ಮೇಲೆ ನೋಡಿರುತ್ತೀರಿ. 2012ರ ಮೊದಲ ಪೈಯಲ್ಲಿದ್ದದ್ದು ಬಿಸಿಎಂ2835 ಚಿಪ್. ಲಿನಕ್ಸ್ ನಡೆಸಲು ಅದರಲ್ಲಿ ಒಂದೇ ಕೋರ್. 2015ರ ಎರಡನೇ ಪೈಯ ಬಿಸಿಎಂ2836ರಲ್ಲಿ ನಾಲ್ಕು. ಹಾಗಾದರೆ ಲಿನಕ್ಸ್‌ನ ತಿರುಳಾದ ಕರ್ನೆಲನ್ನು ಹೊಸದಾಗಿ ಬರೆಯಬೇಕಾಯಿತೇ?

ಇಲ್ಲ. ಇವೆರಡೂ ಅಣ್ಣತಮ್ಮಂದಿರು. ಸೀರಿಯಲ್ ಪೋರ್ಟು, ಎಸ್‌ಡಿ ಕಾರ್ಡಿನ ನಿಯಂತ್ರಕ, ಜಿಪಿಐಒ ಪಿನ್ನುಗಳ ವ್ಯವಸ್ಥೆ ಎಲ್ಲ ಅವೇ. ಬದಲಾದದ್ದು ವಿಳಾಸ. ಮೆಮೊರಿ ನಕ್ಷೆಯಲ್ಲಿ 512 ಎಂಬಿ ಗುರುತಿನಿಂದ ಶುರುವಾಗುತ್ತಿದ್ದ ಈ ಸಾಧನಗಳು 1008 ಎಂಬಿ ಗುರುತಿಗೆ ಸರಿದವು. ಹಳೆಯ ವಿಳಾಸ ಹಿಡಿದು ಹೋದರೆ ಕರ್ನೆಲ್‌ಗೆ ಸೀರಿಯಲ್ ಪೋರ್ಟೇ ಸಿಗದು. ತನಗೇನಾಯಿತೆಂದು ಹೇಳಲೂ ಬಾಯಿರದು.

ಈ ವಿಳಾಸಗಳೆಲ್ಲ ಇರುವುದು ಡಿವೈಸ್ ಟ್ರೀ ಎಂಬ ವಿವರಪಟ್ಟಿಯಲ್ಲಿ. ಇಬ್ಬರಿಗೂ ಸಮಾನವಾದದ್ದಕ್ಕೆ ಒಂದು ಕಡತ, ಒಬ್ಬೊಬ್ಬರ ವಿಶೇಷಕ್ಕೆ ಒಂದೊಂದು ಚಿಕ್ಕ ಕಡತ. ತಮ್ಮನ ಪಿನ್ನುಗಳ ಗುರುತಿನಲ್ಲೂ ‘2835’ ಎಂದೇ ಇರುವುದರಿಂದ ಹಳೆಯ ಡ್ರೈವರ್ ತಾನಾಗಿ ಬಂದು ಸೇರಿಕೊಳ್ಳುತ್ತದೆ. ಆದರೆ ‘ಇತ್ತ ನೋಡು’ ಎಂದು ಪ್ರೊಸೆಸರನ್ನು ಕರೆಯುವ ಇಂಟರಪ್ಟ್ ಸಂಕೇತಗಳನ್ನು ನಾಲ್ಕು ಕೋರ್‌ಗಳಿಗೆ ತಲುಪಿಸುವ ಭಾಗ ಹೊಸದು. ಅದಕ್ಕೆ ಹೊಸ ಡ್ರೈವರ್ ಬರೆದರು.

ಎಲ್ಲವನ್ನೂ ನಕಲು ಮಾಡಿ ಹೆಸರು ಬದಲಿಸುವುದು ಸುಲಭವೇ. ಆದರೆ ನಾಳೆ ಒಂದು ಪ್ರತಿಯಲ್ಲಿ ತಿದ್ದಿದ ಭದ್ರತಾ ದೋಷ ಇನ್ನೊಂದರಲ್ಲಿ ಹಾಗೇ ಉಳಿದೀತು. ಎಆರ್‌ಎಂ ಚಿಪ್ಪುಗಳ ಕೋಡು ಹೀಗೆ ರಾಶಿ ಬಿದ್ದಾಗ, 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಖಾರವಾಗಿಯೇ ಗದರಿದ್ದರು. ಅಣ್ಣನ ಅಂಗಿ ತಮ್ಮನಿಗೆ ಆಗುವಾಗ ತೋಳಷ್ಟೇ ಹೊಲಿಸಿದರಾಯಿತು.