ಎದ್ದು ನಿಂತು ಹೇಳುವ ನಂಬಿಕೆ

ಚರ್ಚುಗಳಲ್ಲಿ ಪ್ರಸಂಗ ಮುಗಿದ ಮೇಲೆ ಸಭೆಯೆಲ್ಲ ಎದ್ದು ನಿಂತು ಒಕ್ಕೊರಲಿನಿಂದ ಹೇಳುವ ಪಾಠವೊಂದಿದೆ. ಕನ್ನಡ ಕ್ರೈಸ್ತರಲ್ಲಿ ಕೆಲವರು ಅದನ್ನು ವಿಶ್ವಾಸ ಪ್ರಮಾಣ ಎಂದರೆ, ಕೆಲವರು ವಿಶ್ವಾಸ ಸಂಗ್ರಹ ಎನ್ನುತ್ತಾರೆ. ಹೆಚ್ಚು ಬಳಕೆಯಲ್ಲಿರುವುದು ಎರಡು: ಚಿಕ್ಕದು ಅಪೊಸ್ತಲರ ಹೆಸರಿನದು, ದೊಡ್ಡದು ನೈಸಿಯದ ಹೆಸರಿನದು. ಇದು ಪ್ರಾರ್ಥನೆಯಲ್ಲ, ದೇವರನ್ನು ಬೇಡುವ ಒಂದು ಮಾತೂ ಇದರಲ್ಲಿಲ್ಲ. ಧರ್ಮಾಜ್ಞೆಯೂ ಅಲ್ಲ. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಬಗ್ಗೆ ಸಭೆ ಏನು ನಂಬುತ್ತದೆ ಎಂಬ ಹೇಳಿಕೆ, ಅಷ್ಟೆ.

ಇಲ್ಲಿಗೆ ಬಂದಾಗ ಒಂದು ಪ್ರಶ್ನೆ ಎದುರಾಗುವುದು ಖಂಡಿತ: ನಂಬಿಕೆ ಮನಸ್ಸಿನದು, ಅದನ್ನು ವಾರ ವಾರ ಗಿಣಿಪಾಠ ಒಪ್ಪಿಸುವುದೇಕೆ? ಕೇಳುವವರು ಅಚ್ಚಾದ ಪುಸ್ತಕ ಕೈಯಲ್ಲಿರುವ ಕಾಲದವರು. ಆದರೆ ಈ ಪಾಠ ಹುಟ್ಟಿದ್ದು ದೀಕ್ಷಾಸ್ನಾನದ ನೀರಿನಲ್ಲಿ. ಹಳೆಯ ರೋಮಿನ ಪದ್ಧತಿಯಲ್ಲಿ ನೀರಿನಲ್ಲಿ ನಿಂತವರಿಗೆ ಮೂರು ಪ್ರಶ್ನೆ. ತಂದೆಯನ್ನು ನಂಬುತ್ತೀಯಾ, ಮಗನನ್ನು, ಪವಿತ್ರಾತ್ಮನನ್ನು? ಪ್ರತಿ ಸಲ ‘ಹೌದು’ ಎಂದಾಗಲೂ ಒಂದು ಮುಳುಗು. ಆ ಪ್ರಶ್ನೋತ್ತರವೇ ಮುಂದೆ ಒಂದು ನಿರೂಪಣೆಯಾಗಿ ಹೆಣೆದುಕೊಂಡಿತು. ಹನ್ನೆರಡು ಅಪೊಸ್ತಲರು ಕೂತು ತಲೆಗೊಂದು ಸಾಲು ಸೇರಿಸಿದರು ಎಂಬುದು ಚೆಲುವಾದ ಕತೆ, ಚರಿತ್ರೆಯಲ್ಲ.

ನಾಲ್ಕನೆಯ ಶತಮಾನದ ಹೊತ್ತಿಗೆ ಒಂದು ಸೊಗಸಾದ ಕ್ರಮ ಬೆಳೆದಿತ್ತು. ಈಸ್ಟರಿಗೆ ಮುಂಚೆ ಬಿಷಪರು ದೀಕ್ಷಾರ್ಥಿಗಳಿಗೆ ಪ್ರಮಾಣವನ್ನು ಬಾಯಲ್ಲೇ ಹೇಳಿಕೊಡುವುದು, ಅವರು ಕಲಿತು ಸಭೆಯೆದುರು ಬಾಯಲ್ಲೇ ಹಿಂದಿರುಗಿಸುವುದು. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದಲ್ಲಿ ಬಿಷಪನಾಗಿದ್ದ ಅಗಸ್ಟೀನ ತನ್ನವರಿಗೆ ಹೇಳುತ್ತಿದ್ದುದು, ಇದನ್ನು ಬರೆದಿಡಬೇಡಿ, ನೆನಪಿನಲ್ಲಿಡಿ. ಏಳುವಾಗ, ಮಲಗುವಾಗ ಹೇಳಿಕೊಳ್ಳಿ ಎಂದು. ವಿಕ್ಟೊರಿನಸ್ ಎಂಬವನ ಘಟನೆಯನ್ನು ದಾಖಲಿಸಿದವನೂ ಇವನೇ. ವಿಕ್ಟೊರಿನಸ್ ರೋಮಿನ ಹೆಸರಾಂತ ವಾಗ್ಮಿ, ನಗರದಲ್ಲಿ ಪ್ರತಿಮೆ ನಿಲ್ಲಿಸಿಕೊಂಡವನು. ಇಳಿವಯಸ್ಸಿನಲ್ಲಿ ಕ್ರೈಸ್ತನಾಗಲು ಬಂದಾಗ, ಸಂಕೋಚವಾದರೆ ಖಾಸಗಿಯಾಗಿ ಹೇಳಬಹುದೆಂದು ಪಾದ್ರಿಗಳು ರಿಯಾಯಿತಿ ಕೊಟ್ಟರು. ಅವನು ಒಪ್ಪಲಿಲ್ಲ, ಸಭೆಯ ಮುಂದೆಯೇ ನಿಂತು ಹೇಳಿದ. ಹೊಸ ಹೊಸ ಮಾತು ಕಟ್ಟುವುದೇ ಕಸುಬಾಗಿದ್ದವನು ಕೂಲಿಕಾರರೂ ಗುಲಾಮರೂ ಹೇಳುವ ಅದೇ ಮಾತುಗಳನ್ನು, ಒಂದಕ್ಷರ ಸೇರಿಸದೆ, ಒಪ್ಪಿಸಿದ!

ಪಠಣದ ಬೆಲೆ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಓದುಬಾರದವನ ನೆನಪಿನಲ್ಲಿ ಕೂತ ಪಾಠವನ್ನು ಯಾವ ಪಂಡಿತನೂ ಕಿತ್ತುಕೊಳ್ಳಲಾರ. ಪ್ರಸಂಗ ಮಾಡಿದವರು ಎಷ್ಟೇ ವಾಕ್ಚತುರರಾಗಿರಲಿ, ಅವರ ಮಾತನ್ನು ತೂಗುವ ತಕ್ಕಡಿ ಕಡೆಯ ಬೆಂಚಿನವರ ಕೈಯಲ್ಲೂ ಇರುತ್ತದೆ. ಅರ್ಥವಾಗದೆ ಹೇಳುವವರಿದ್ದಾರೆ, ನಿಜ; ಆದರೆ ಅರ್ಥ ಹುಡುಕಲು ಹೊರಟ ದಿನ ಪಾಠ ಕೈಗೆ ಸಿದ್ಧವಾಗಿರುತ್ತದೆ.

ನೆನಪಿಗಾಗಿ ಪೈಪೋಟಿಯೂ ನಡೆದಿತ್ತು. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್, ಮಗನು ತಂದೆಯಿಂದ ಸೃಷ್ಟಿಯಾದವನು ಎಂದು ಬೋಧಿಸಿದ. ನಾವಿಕರೂ ಬೀಸುವವರೂ ಹಾಡಲೆಂದು ಹಾಡು ಕಟ್ಟಿದನಂತೆ. ಜಗಳ ಜೋರಾಗಿ 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸಿಯದಲ್ಲಿ (ಇಂದಿನ ತುರ್ಕಿಯ ಇಜ್ನಿಕ್) ಬಿಷಪರ ಸಭೆ ಕರೆದ. ಮಗನೂ ತಂದೆಯೂ ಒಂದೇ ಸತ್ವ ಎಂಬ ನಿರ್ಣಯ ಪ್ರಮಾಣದೊಳಗೆ ಸೇರಿತು. ಬೈಬಲಿನಲ್ಲಿ ಯಾವ ಪುಸ್ತಕಗಳಿರಬೇಕೆಂದು ನಿರ್ಧರಿಸಿದ್ದೂ ಈ ಸಭೆಯೇ ಎಂದು ಕಾದಂಬರಿ ಓದಿದವರು ವಾದಿಸುತ್ತಾರೆ. ಅದು ತಪ್ಪು. ಜಗಳ ಅಲ್ಲಿಗೇ ಮುಗಿಯಿತೆಂಬುದೂ ತಪ್ಪು: ನೈಸಿಯದ ಪರ ನಿಂತ ಅಥನೇಷಿಯಸ್ ಐದು ಸಲ ಗಡೀಪಾರಾದ. ಈಗ ಹೇಳುವ ದೊಡ್ಡ ಪಾಠ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ್ದು.

ಇನ್ನೊಂದು ತಕರಾರು ಗಂಭೀರವಾದದ್ದು. ಪ್ರಮಾಣವು ಯೇಸುವಿನ ಜನನದಿಂದ ನೇರ ಪೊಂತ್ಯ ಪಿಲಾತನ ಕಾಲದ ಶಿಲುಬೆಗೆ ಹಾರುತ್ತದೆ. ಬೋಧನೆ, ಸಾಮ್ಯಗಳು, ರೋಗಿಗಳನ್ನು ಗುಣಪಡಿಸಿದ್ದು ಎಲ್ಲಿ? ಉತ್ತರ ಆರಾಧನೆಯ ಕ್ರಮದಲ್ಲೇ ಇದೆ. ಅವನ್ನೆಲ್ಲ ಹೇಳುವ ಸುವಾರ್ತೆಯನ್ನು ಅದೇ ಬೆಳಿಗ್ಗೆ ಆಗಲೇ ಓದಿರುತ್ತಾರೆ. ಪ್ರಮಾಣ ಸುವಾರ್ತೆಯ ಬದಲಿಯಲ್ಲ. ಪಿಲಾತನ ಹೆಸರೋ, ಇದು ‘ಒಂದಾನೊಂದು ಕಾಲ’ದ ಕತೆಯಲ್ಲ, ರೋಮನ್ ಅಧಿಕಾರಿಯೊಬ್ಬನ ಆಡಳಿತದಲ್ಲಿ ನಡೆದದ್ದು ಎಂದು ಕಾಲವನ್ನು ಗೊತ್ತುಮಾಡುತ್ತದೆ.

ವಿಚಿತ್ರವೆಂದರೆ ಸ್ವತಃ ರೋಮಿನಲ್ಲೇ ಪೂಜೆಯ ನಡುವೆ ನೈಸಿಯದ ಪಾಠ ಹೇಳಲು ಶುರುವಾದದ್ದು 1014ರಲ್ಲಿ, ಚಕ್ರವರ್ತಿ ಎರಡನೆಯ ಹೆನ್ರಿಯ ಒತ್ತಾಯದ ಮೇಲೆ. ತಾವೆಂದೂ ದಾರಿ ತಪ್ಪಿದವರಲ್ಲ, ಹಾಗಾಗಿ ಬೇಕಿರಲಿಲ್ಲ ಎಂಬುದು ರೋಮಿನ ಪಾದ್ರಿಗಳ ಸಮಜಾಯಿಷಿ. ಪವಿತ್ರಾತ್ಮನು ಹೊರಡುವುದು ತಂದೆಯಿಂದ ಮಾತ್ರವೋ ಮಗನಿಂದಲೂ ಹೌದೋ ಎಂಬಲ್ಲಿ ಪೂರ್ವ-ಪಶ್ಚಿಮದ ಪಾಠಗಳು ಇಂದಿಗೂ ಬೇರೆ. ಅದಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕು.

ಅಷ್ಟರಲ್ಲಿ ಓದುಗರು ಒಂದು ಕೆಲಸ ಮಾಡಿಯಾರೇ? 325ರ ಪಾಠವನ್ನೂ 381ರ ಪಾಠವನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಮೊದಲನೆಯದರಲ್ಲಿ ಪವಿತ್ರಾತ್ಮನಿಗೆ ಹೆಸರು ಮಾತ್ರ ಸಿಕ್ಕಿದೆ. ಎರಡನೆಯದರಲ್ಲಿ ಸಾಲು ಸಾಲು ವಿವರಣೆ. ನಡುವಿನ 56 ವರ್ಷಗಳಲ್ಲಿ ಯಾರು ಯಾರೊಡನೆ ವಾದಿಸಿದರು ಎಂದು ಅಲ್ಲಿಂದ ಹುಡುಕುತ್ತಾ ಹೋಗಿ.