ಗಣಕದ ನಿದ್ರೆಯೂ ಎಚ್ಚರವೂ

ಕಳೆದ ವರ್ಷ ಒಂದು ಮಧ್ಯಾಹ್ನ, ಮೈಸೂರಿನಿಂದ ಶಿವಮೊಗ್ಗಕ್ಕೆ ಹೊರಡುವ ಅವಸರದಲ್ಲಿ, ನನ್ನ ಲ್ಯಾಪ್‌ಟಾಪಿನ ಮುಚ್ಚಳವನ್ನು ಮುಚ್ಚಿ ಚೀಲದಲ್ಲಿಟ್ಟೆ. ಒಂದು ಹಸ್ತಪ್ರತಿಯ ಪಾಠಾಂತರಗಳನ್ನು ಬೆಳಗಿನಿಂದಲೂ ಅದರಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಕಡತವನ್ನು ಉಳಿಸುವುದನ್ನು ಮರೆತಿದ್ದೆ. ಯಂತ್ರ ಮಲಗಿದೆ, ಊರು ಸೇರಿದ ಮೇಲೆ ಎಬ್ಬಿಸಿದರಾಯಿತು ಎಂಬುದು ನನ್ನ ನಂಬಿಕೆ. ಊರು ಸೇರಿ ಚೀಲಕ್ಕೆ ಕೈಹಾಕಿದಾಗ ಯಂತ್ರವು ಒಲೆಯಿಂದ ಆಗತಾನೇ ಇಳಿಸಿದ ಹೆಂಚಿನಂತಿತ್ತು. ಬ್ಯಾಟರಿ ಬರಿದಾಗಿತ್ತು; ಬೆಳಗಿನ ಕೆಲಸವೂ ಅದರೊಡನೆ ಹೋಗಿತ್ತು. ಅದು ಮಲಗಿರಲೇ ಇಲ್ಲ. ಕಣ್ಣು ಮುಚ್ಚಿಕೊಂಡು ದಾರಿಯುದ್ದಕ್ಕೂ ಎಚ್ಚರವಾಗಿಯೇ ಇತ್ತು.

ನಾನು ಬಳಸುತ್ತಿದ್ದುದು ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ. ಇಂಗ್ಲಿಷಿನಲ್ಲಿ ‘ಫ್ರೀ’ ಎಂಬ ಒಂದೇ ಮಾತು ಎರಡು ಅರ್ಥಗಳನ್ನು ಹೊರಬೇಕಾಗಿದೆ. ಕನ್ನಡಕ್ಕೆ ಆ ತೊಡಕಿಲ್ಲ. ‘ಉಚಿತ’ ಬೇರೆ, ‘ಸ್ವತಂತ್ರ’ ಬೇರೆ. ೧೯೮೩ರಲ್ಲಿ ರಿಚರ್ಡ್ ಸ್ಟಾಲ್ಮನ್ ‘ಗ್ನೂ’ ಯೋಜನೆಯನ್ನು ಸಾರಿದಾಗ ಅವರ ಮನಸ್ಸಿನಲ್ಲಿದ್ದುದು ಎರಡನೆಯ ಅರ್ಥ: ತಂತ್ರಾಂಶದ ಮೂಲವನ್ನು ಓದುವ, ತಿದ್ದುವ, ಹಂಚುವ ಹಕ್ಕು. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಕರ್ನಲ್, ಎಂದರೆ ತಿರುಳು, ಅದರೊಡನೆ ಸೇರಿತು. ಆದರೆ ಸ್ವಾತಂತ್ರ್ಯವೆಂದರೆ ತೊಂದರೆಯಿಲ್ಲದ ಸ್ಥಿತಿಯಲ್ಲ. ತೊಂದರೆಯ ಮೂಲವನ್ನು ನಾವೇ ಅರಸಿ ನೋಡಬಹುದಾದ ಸ್ಥಿತಿ. ಹಾಗೆ ಅರಸಿದ ಬಗೆಯನ್ನು ಹೇಳುವುದೇ ಈ ಭಾಷಣದ ಉದ್ದೇಶ.

ಮಾಂಡೂಕ್ಯೋಪನಿಷತ್ತು ಜಾಗೃತ್, ಸ್ವಪ್ನ, ಸುಷುಪ್ತಿಗಳೆಂದು ಅವಸ್ಥೆಗಳನ್ನು ವಿಂಗಡಿಸುತ್ತದೆ. ಗಣಕಕ್ಕೂ ಇಂಥದೊಂದು ವಿಂಗಡಣೆಯುಂಟು. ೧೯೯೬ರಲ್ಲಿ ಪ್ರಕಟವಾದ ‘ಎ.ಸಿ.ಪಿ.ಐ.’ ಎಂಬ ನಿಯಮಾವಳಿ ಅದಕ್ಕೆ ಆಧಾರ. ಮೊದಲನೆಯದು ತೂಕಡಿಕೆ: ಕೆಲಸಗಳು ನಿಂತಿರುತ್ತವೆ, ಪರದೆ ಆರಿರುತ್ತದೆ, ಆದರೆ ಯಂತ್ರದ ವಿದ್ಯುತ್ತು ಪೂರ್ತಿ ಕಡಿದಿರುವುದಿಲ್ಲ. ಎರಡನೆಯದು ನಿದ್ರೆ: ರ‍್ಯಾಮ್ ಎಂಬ ತಾತ್ಕಾಲಿಕ ನೆನಪಿಗೆ ಮಾತ್ರ ಅತ್ಯಲ್ಪ ವಿದ್ಯುತ್ತು ಹರಿಯುತ್ತದೆ, ಉಳಿದ ಅಂಗಗಳಲ್ಲಿ ಬಹುಪಾಲು ಆರಿರುತ್ತವೆ. ಮೂರನೆಯದು ಗಾಢನಿದ್ರೆ: ನೆನಪನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ಯಂತ್ರ ಸಂಪೂರ್ಣವಾಗಿ ಆರುತ್ತದೆ. ಇದಕ್ಕೆ ಡಿಸ್ಕಿನಲ್ಲಿ ‘ಸ್ವಾಪ್’ ಎಂಬ ಸಾಕಷ್ಟು ಜಾಗವಿರಬೇಕು. ‘ಸೆಕ್ಯೂರ್ ಬೂಟ್’ ಎಂಬ ಕಾವಲು ಜಾರಿಯಲ್ಲಿದ್ದರೆ ಲಿನಕ್ಸಿನ ಹಲವು ವಿತರಣೆಗಳಲ್ಲಿ ಈ ದಾರಿ ಮುಚ್ಚಿರುತ್ತದೆ.

ನನ್ನ ಯಂತ್ರಕ್ಕೆ ನಾನು ಹಾಕಿದ ಮೊದಲ ಪ್ರಶ್ನೆ, ಮುಚ್ಚಳ ಮುಚ್ಚಿದಾಗ ಅದು ಯಾವ ಅವಸ್ಥೆಯನ್ನು ಸೇರುತ್ತದೆ ಎಂಬುದು. ‘ಸಿಸ್’ ಎಂಬ ಕೋಶದ ‘ಪವರ್’ ಎಂಬ ಒಳಕೋಶದಲ್ಲಿ ‘ಮೆಮ್‌_ಸ್ಲೀಪ್’ ಎಂಬ ಪುಟ್ಟ ಕಡತವಿದೆ. ಅದರಲ್ಲಿ ‘ಎಸ್‌ಟೂಐಡಲ್’ ಎಂದಿದ್ದರೆ ತೂಕಡಿಕೆ, ‘ಡೀಪ್’ ಎಂದಿದ್ದರೆ ನಿದ್ರೆ. ಜಾರಿಯಲ್ಲಿರುವ ಹೆಸರಿನ ಸುತ್ತ ಚೌಕ ಕಂಸವಿರುತ್ತದೆ. ನನ್ನಲ್ಲಿ ಎರಡು ಹೆಸರುಗಳೂ ಇದ್ದವು, ಕಂಸವಿದ್ದುದು ತೂಕಡಿಕೆಗೆ. ತೂಕಡಿಕೆ ಸ್ವತಃ ದೋಷವಲ್ಲ. ಎಲ್ಲ ಅಂಗಗಳೂ ಸುಮ್ಮನಿದ್ದರೆ ಅದರಲ್ಲಿಯೂ ಬ್ಯಾಟರಿ ಬಹಳ ಹೊತ್ತು ಬಾಳುತ್ತದೆ. ಆದರೆ ಯಾವುದಾದರೊಂದು ಅಂಗ ಚಡಪಡಿಸಿದರೂ ಸಾಕು, ಇಡೀ ಮನೆಗೆ ನಿದ್ರೆಯಿಲ್ಲ. ಯಂತ್ರ ಆರಂಭವಾಗುವಾಗಲೇ ಕರ್ನಲ್‌ಗೆ ‘ಡೀಪ್’ ಎಂದು ಸೂಚಿಸುವ ಏರ್ಪಾಟು ಮಾಡಿದೆ. ಅನೇಕ ಹೊಸ ಯಂತ್ರಗಳಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಅಂಥಲ್ಲಿ ಚಡಪಡಿಸುವ ಅಂಗವನ್ನು ಹುಡುಕುವುದೊಂದೇ ದಾರಿ.

ಒಂದು ಕಷ್ಟ ಕಳೆಯಿತೆನ್ನುವಾಗಲೇ ಇನ್ನೊಂದು ತಲೆದೋರಿತು. ಯಂತ್ರ ಚೆನ್ನಾಗಿ ಮಲಗಿತು, ಚೆನ್ನಾಗಿಯೇ ಎದ್ದಿತು. ಆದರೆ ಎದ್ದ ಯಂತ್ರಕ್ಕೆ ನಿಸ್ತಂತು ಜಾಲದ ಸುಳಿವೇ ಇಲ್ಲ. ಇದರ ಕಾರಣವನ್ನು ತಿಳಿಯಲು ನಿದ್ರೆಯ ಕ್ರಮವನ್ನು ತಿಳಿಯಬೇಕು. ಕರ್ನಲ್ ಮೊದಲು ನಮ್ಮ ಕಾರ್ಯಕ್ರಮಗಳನ್ನು ಸ್ತಬ್ಧಗೊಳಿಸುತ್ತದೆ. ಬಳಿಕ ಒಂದೊಂದು ಅಂಗವನ್ನೂ ಅದರದರ ಚಾಲಕ ತಂತ್ರಾಂಶದ ಮೂಲಕ ಮಲಗಿಸುತ್ತದೆ. ಏಳುವಾಗ ಈ ಕ್ರಮ ತಿರುವುಮುರುವು. ಒಬ್ಬ ಚಾಲಕ ತಪ್ಪಿದರೂ ಆ ಅಂಗ ಏಳುವುದಿಲ್ಲ, ಕೆಲವು ವೇಳೆ ಯಂತ್ರವೇ ಏಳುವುದಿಲ್ಲ. ನಿಸ್ತಂತು ಸಾಧನದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಅದರೊಳಗೆ ಅದರದೇ ಆದ ಪುಟ್ಟ ಸಂಸ್ಕಾರಕವಿರುತ್ತದೆ. ಅದಕ್ಕೆ ‘ಫರ್ಮ್‌ವೇರ್’ ಎಂಬ ಪ್ರತ್ಯೇಕ ತಂತ್ರಾಂಶ ಬೇಕು. ವಿದ್ಯುತ್ತು ಕಡಿದೊಡನೆ ಅನೇಕ ಸಾಧನಗಳು ಅದನ್ನು ಮರೆಯುತ್ತವೆ. ಎದ್ದಾಗ ಚಾಲಕನು ಮತ್ತೆ ಪಾಠ ಹೇಳಿಕೊಡಬೇಕು.

ಇಲ್ಲಿಯೇ ಒಂದು ಧರ್ಮಸಂಕಟವೂ ಇದೆ. ಈ ಫರ್ಮ್‌ವೇರ್ ಬಹುಮಟ್ಟಿಗೆ ತಯಾರಕರ ಸೊತ್ತು. ಅದರ ಮೂಲವನ್ನು ಯಾರೂ ಓದುವಂತಿಲ್ಲ. ಸ್ವಾತಂತ್ರ್ಯವನ್ನೇ ವ್ರತವಾಗಿಟ್ಟುಕೊಂಡ ಡೆಬಿಯನ್ ಬಳಗ ಬಹುಕಾಲ ಅದನ್ನು ತನ್ನ ಅಧಿಕೃತ ಅನುಸ್ಥಾಪನೆಯಿಂದ ಹೊರಗಿಟ್ಟಿತ್ತು. ಹೊಸಬರು ಜಾಲಕ್ಕೆ ಸೇರಲಾಗದೆ ಹೊಸ್ತಿಲಲ್ಲೇ ಎಡವುತ್ತಿದ್ದರು. ೨೦೨೨ರಲ್ಲಿ ಬಳಗದವರು ಮತದಾನ ಮಾಡಿ ಅದನ್ನು ಒಳಗೆ ಬಿಟ್ಟುಕೊಂಡರು. ೨೦೨೩ರ ಜೂನ್‌ನಲ್ಲಿ ಬಂದ ೧೨ನೆಯ ಆವೃತ್ತಿಯಲ್ಲಿ ಅದು ಪ್ರತ್ಯೇಕ ವಿಭಾಗವಾಗಿ ಸೇರಿತು. ಒಪ್ಪಂದವೆನ್ನಿ, ರಾಜಿಯೆನ್ನಿ, ಒಳಗೆ ಬಂದುದು ಪರಕೀಯವೆಂಬ ಗುರುತನ್ನು ಅವರು ಅಳಿಸಲಿಲ್ಲ ಎಂಬುದು ಗಮನಾರ್ಹ.

ಇನ್ನು ಪರಿಹಾರದ ಮಾತು. ಗ್ರಂಥಸಂಪಾದನೆಯಲ್ಲಿ ಒಂದು ಶಿಸ್ತು ಉಂಟು: ಅಪಪಾಠ ಕಂಡೊಡನೆ ತಿದ್ದಬಾರದು, ಅದು ಯಾವ ಪ್ರತಿಯಲ್ಲಿ ಹೊಕ್ಕಿತೆಂದು ಮೊದಲು ನೋಡಬೇಕು. ಇಲ್ಲಿಯೂ ಹಾಗೆಯೇ. ನಿಸ್ತಂತು ಜಾಲ ಕಾಣದಿದ್ದರೆ ‘ಆರ್‌ಎಫ್‌ಕಿಲ್’ ಎಂಬ ಆಜ್ಞೆಯಿಂದ ರೇಡಿಯೋ ತಡೆಹಿಡಿದಿದೆಯೇ ಎಂದು ನೋಡಬೇಕು. ತಡೆ ಎರಡು ಬಗೆ: ತಂತ್ರಾಂಶದ್ದಾದರೆ ಅದೇ ಆಜ್ಞೆಯಿಂದ ತೆಗೆಯಬಹುದು, ಯಂತ್ರದ ಗುಂಡಿಯದಾದರೆ ಗುಂಡಿಯನ್ನೇ ಒತ್ತಬೇಕು. ತಡೆಯಿಲ್ಲವಾದರೆ ‘ಡಿಮೆಸೆಜ್’ ಎಂಬ ಆಜ್ಞೆ ತೋರಿಸುವ ಕರ್ನಲ್‌ನ ದಿನಚರಿಯನ್ನು ಓದಬೇಕು. ನನ್ನ ದಿನಚರಿಯಲ್ಲಿ, ಎಚ್ಚರವಾದ ಮೇಲಿನ ಸಾಲುಗಳಲ್ಲಿ, ಫರ್ಮ್‌ವೇರ್ ಉತ್ತರಿಸಲಿಲ್ಲವೆಂಬ ದೂರು ಸ್ಪಷ್ಟವಾಗಿತ್ತು. ‘ಮಾಡ್‌ಪ್ರೋಬ್’ ಎಂಬ ಆಜ್ಞೆಯಿಂದ ಚಾಲಕನನ್ನು ಇಳಿಸಿ ಮತ್ತೆ ಏರಿಸಿದೆ, ಜಾಲ ಮರಳಿತು. ಮಲಗುವ ಮುನ್ನ ಇಳಿಸು, ಎದ್ದೊಡನೆ ಏರಿಸು ಎಂಬ ನಾಲ್ಕಾರು ಸಾಲಿನ ಲಿಪಿಯನ್ನು ವ್ಯವಸ್ಥೆಯ ನಿದ್ರಾಕೋಶದಲ್ಲಿ ಇಟ್ಟ ಮೇಲೆ ಆ ಕಷ್ಟ ಮರುಕಳಿಸಲಿಲ್ಲ.

ಯಂತ್ರ ಏಳದೆಯೇ ಹೋದರೆ? ಆಗ ಕೊನೆಯ ಸಾಲುಗಳು ಡಿಸ್ಕನ್ನು ತಲುಪದೆ ದಿನಚರಿಯೂ ಮೂಕವಾಗಬಹುದು. ಅದಕ್ಕಾಗಿ ಅನೇಕ ಕರ್ನಲ್‌ಗಳಲ್ಲಿ ‘ಪಿಎಂ‌_ಟೆಸ್ಟ್’ ಎಂಬ ತಾಲೀಮಿನ ಸೌಕರ್ಯವಿದೆ. ಕಾರ್ಯಕ್ರಮಗಳನ್ನು ನಿಲ್ಲಿಸುವುದು, ಅಂಗಗಳನ್ನು ಮಲಗಿಸುವುದು ಹೀಗೆ ೫ ಮಜಲುಗಳು. ನಾವು ಹೇಳಿದ ಮಜಲಿನವರೆಗೆ ಹೋಗಿ, ೫ ಸೆಕೆಂಡು ನಿಂತು, ಯಂತ್ರ ತಾನಾಗಿ ಹಿಂದಿರುಗುತ್ತದೆ. ಎಲ್ಲಿಂದ ಹಿಂದಿರುಗಲಿಲ್ಲವೋ ಅಲ್ಲಿ ದೋಷ. ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಕಾಗದದಲ್ಲಿ ಬರೆದಿಡಬೇಕು. ನಾನು ಮೊದಲು ಮೂರು ಬದಲಾವಣೆಗಳನ್ನು ಒಟ್ಟಿಗೆ ಮಾಡಿ ಒಂದು ವಾರ ಕಳೆದುಕೊಂಡೆ.

ಇಷ್ಟು ಪಾಡು ಏಕೆ, ಹೊಸ ಯಂತ್ರ ಕೊಳ್ಳಬಾರದೇ ಎಂದು ಮನೆಯವರು ಕೇಳಿದರು. ಅಂಗಡಿಯಾತನೂ ಅದನ್ನೇ ಹೇಳಿದ್ದ. ಕೆಟ್ಟಿದ್ದುದು ಯಂತ್ರವಲ್ಲ, ಒಂದು ಆಯ್ಕೆ ಮತ್ತು ಒಬ್ಬ ಚಾಲಕ. ಅಷ್ಟಕ್ಕೆ ಗಟ್ಟಿಯಾಗಿರುವ ಯಂತ್ರವನ್ನು ಎಸೆಯುವುದು, ಪುಟವೊಂದು ಹರಿದಿದೆಯೆಂದು ಗ್ರಂಥವನ್ನೇ ಗುಜರಿಗೆ ಹಾಕಿದಂತೆ. ಆ ದಿನ ಹೋದ ಪಾಠಾಂತರಗಳನ್ನು ಎರಡು ದಿನ ಕುಳಿತು ಮತ್ತೆ ಬರೆದೆ. ಈಗ ಯಂತ್ರ ಸರಿಯಾಗಿ ಮಲಗುತ್ತದೆ, ಸರಿಯಾಗಿ ಏಳುತ್ತದೆ. ಆದರೂ ಮುಚ್ಚಳ ಮುಚ್ಚುವ ಮುನ್ನ ಕಡತವನ್ನು ಉಳಿಸುತ್ತೇನೆ. ಚೀಲದಲ್ಲಿಡುವ ಮುನ್ನ ಅದರ ಬೆನ್ನಿನ ಮೇಲೆ ಒಮ್ಮೆ ಕೈಯಿಟ್ಟು, ತಣ್ಣಗಾಗಿದೆಯೇ ಎಂದು ನೋಡುತ್ತೇನೆ.